ವಾಹನ ವಿಚಾರ: ಪಿಕಪ್‌ಗಾಗಿ ಎಂಬತ್ತು ಸಾವಿರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯಕ್ಕೆ ಸೇರಿದ್ದರಿಂದ ಅವನ್ನೇ ಆರಿಸಿಕೊಂಡಿದ್ದೇನೆ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಬೇಕಾಯಿತು.

ಪ್ರಶ್ನೆ: ಮಾನ್ಯರೇ, ನನ್ನದು 2017ರ ಮಾದರಿಯ 1.2 ಲೀಟರ್ ಪೆಟ್ರೋಲ್ ಕಾರು. 78,000 ಕಿಲೋಮೀಟರ್ ಓಡಿದೆ. ಅವ್ವನ ಚಿಕಿತ್ಸೆಗಾಗಿ ತಿಂಗಳಿಗೊಮ್ಮೆ ಹುಮನಾಬಾದ್ ಮಾರ್ಗವಾಗಿ ಹೈದರಾಬಾದಿಗೆ ಹೋಗುತ್ತೇವೆ. ಐದು ಜನ ಕೂತು ಎ.ಸಿ. ಹಾಕಿದರೆ ಲಾರಿ ದಾಟುವಾಗ ಗಾಡಿ ಎಳೆಯುವುದೇ ಇಲ್ಲ. ರೀಮ್ಯಾಪ್‌ಗೆ 30,000, ತೆರೆದ ಏರ್ ಫಿಲ್ಟರ್‌ಗೆ 8,000, ಹೆಡರ್ ಸಹಿತ ಫ್ರೀ ಫ್ಲೋ ಸೈಲೆನ್ಸರ್‌ಗೆ 42,000, ಹೀಗೆ ಒಟ್ಟು 80,000 ರೂಪಾಯಿ ಕೊಟ್ಟರೆ ಶೇಕಡಾ 25ರಷ್ಟು ಶಕ್ತಿ ಹೆಚ್ಚಿಸಿಕೊಡುವುದಾಗಿ ಒಬ್ಬರು ಹೇಳಿದ್ದಾರೆ. ನಮ್ಮ ಕಾಕಾ ಮಾತ್ರ, ಆ ದುಡ್ಡು ಹಾಗೇ ಇಟ್ಟುಕೋ, ಮುಂದೆ ಬೇರೆ ಗಾಡಿ ನೋಡೋಣ ಎನ್ನುತ್ತಾರೆ. ಏನು ಮಾಡಲಿ?
— ಓದುಗರು, ಕಲಬುರಗಿ

ಉತ್ತರ: ಈ 80,000 ರೂಪಾಯಿಯನ್ನು ದಯವಿಟ್ಟು ಖರ್ಚು ಮಾಡಬೇಡಿ. ನಿಮ್ಮ ತೊಂದರೆ ನಿಜವಾದದ್ದೇ. ಆದರೆ ಅದಕ್ಕೆ ನಿಮಗೆ ಸೂಚಿಸಿರುವ ಮದ್ದು ಬೇರೆ ಯಾವುದೋ ರೋಗದ್ದು.

ನಿಮ್ಮ ಎಂಜಿನ್ನಿಗೆ ಟರ್ಬೊ, ಅಂದರೆ ಗಾಳಿಯನ್ನು ಒತ್ತಿ ಒಳಗೆ ತುಂಬುವ ಸಾಧನ, ಇಲ್ಲ. ಅದು ವಾತಾವರಣದ ಒತ್ತಡ ಎಷ್ಟು ಗಾಳಿಯನ್ನು ಒಳಗೆ ತಳ್ಳುತ್ತದೆಯೋ ಅಷ್ಟನ್ನೇ ಉಸಿರಾಡುತ್ತದೆ, ಮತ್ತು ಆ ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನು ಸುಡಬಲ್ಲದು. ರೀಮ್ಯಾಪ್ ಎಂದರೆ ಎಂಜಿನ್ನಿನ ಕಂಪ್ಯೂಟರಿನಲ್ಲಿ ಇಂಧನದ ಪ್ರಮಾಣ, ಕಿಡಿ ಹಾರುವ ಸಮಯ ಮುಂತಾದ ಲೆಕ್ಕಗಳನ್ನು ಬದಲಿಸುವುದು. ಅದರಿಂದ ಗಾಳಿ ಹೆಚ್ಚಾಗುವುದಿಲ್ಲ. ಇಂಥ ಎಂಜಿನ್ನಿನಲ್ಲಿ ಬರೀ ರೀಮ್ಯಾಪ್‌ನಿಂದ ಶೇಕಡಾ ನಾಲ್ಕೈದರಷ್ಟು ಸಿಕ್ಕಿದರೆ ಅದೇ ಒಳ್ಳೆಯ ಕೆಲಸ. ಹೆಡರ್ (ಎಂಜಿನ್ನಿನಿಂದ ಹೊಗೆ ಹೊರಬರುವ ಮೊದಲ ಕೊಳವೆಗಳು), ಸೈಲೆನ್ಸರ್, ಫಿಲ್ಟರ್ ಎಲ್ಲವೂ ಸೇರಿ ಶೇಕಡಾ ಏಳೆಂಟಕ್ಕೆ ಏರಿತೆಂದು ಉದಾರವಾಗಿ ಒಪ್ಪಿಕೊಂಡರೂ 82 ಅಶ್ವಶಕ್ತಿಯ ಎಂಜಿನ್ 88ಕ್ಕೆ ಬರುತ್ತದೆ, ಅಂದರೆ ಒಂದೊಂದು ಅಶ್ವಶಕ್ತಿಗೆ ನೀವು 13,000 ರೂಪಾಯಿಗೂ ಹೆಚ್ಚು ತೆತ್ತ ಹಾಗಾಯಿತು. ಆ ಆರು ಅಶ್ವಶಕ್ತಿಯೂ ಎಂಜಿನ್ ನಿಮಿಷಕ್ಕೆ 5,500–6,000 ಸುತ್ತು ತಿರುಗುವಾಗ ಸಿಗುವಂಥದ್ದು. ನೀವು ಲಾರಿಯ ಹಿಂದೆ 2,000 ಸುತ್ತಿನಲ್ಲಿ ಒದ್ದಾಡುತ್ತಿರುವಾಗ ಅದರಲ್ಲಿ ಹೆಚ್ಚಿನ ಪಾಲು ಕೈಗೆ ಬರುವುದಿಲ್ಲ. ಶೇಕಡಾ 25 ಎಂದವರಿಗೆ ಒಂದೇ ಮಾತು ಕೇಳಿ: ಇದೇ ಎಂಜಿನ್ನಿನ ಒಂದು ಗಾಡಿಯನ್ನು ಒಂದೇ ದಿನ, ಶಕ್ತಿ ಅಳೆಯುವ ಒಂದೇ ಡೈನೋ ಯಂತ್ರದ ಮೇಲೆ, ಕೆಲಸಕ್ಕೆ ಮುಂಚೆ ಮತ್ತು ಆಮೇಲೆ ಅಳೆದ ಎರಡು ಹಾಳೆಗಳನ್ನು ತೋರಿಸುತ್ತೀರಾ? ತೋರಿಸಿದರೆ ನನಗೂ ಬರೆದು ತಿಳಿಸಿ.

ಹಾಗಾದರೆ ಶಕ್ತಿ ಎಲ್ಲಿ ಹೋಗುತ್ತಿದೆ? ಒಂದಿಷ್ಟು ನಮ್ಮ ಬಿಸಿಲಿಗೆ ಹೋಗುತ್ತದೆ. ಗಾಳಿ ಕಾದಷ್ಟೂ ತೆಳುವಾಗುತ್ತದೆ; 25 ಡಿಗ್ರಿಯ ಗಾಳಿಗೆ ಹೋಲಿಸಿದರೆ ಮೇ ತಿಂಗಳ 43 ಡಿಗ್ರಿಯ ಗಾಳಿಯ ಸಾಂದ್ರತೆ ಶೇಕಡಾ ಆರರಷ್ಟು ಕಡಿಮೆ. ನೀವು 80,000 ಕೊಟ್ಟು ಪಡೆಯಬಹುದಾದ ಶಕ್ತಿಯಲ್ಲಿ ಬಹುಪಾಲನ್ನು ಕಲಬುರಗಿಯ ಬೇಸಿಗೆಯೇ ಕಸಿದುಕೊಳ್ಳುತ್ತದೆ ಎಂದಾಯಿತು. ಎ.ಸಿ. ಕಂಪ್ರೆಸರ್ ಆ ಸೆಕೆಯಲ್ಲಿ ನಾಲ್ಕೈದು ಅಶ್ವಶಕ್ತಿಯನ್ನು ತಿನ್ನುತ್ತದೆ. ಇನ್ನು ತೂಕ: ನೀವೊಬ್ಬರೇ ಕೂತಾಗ ಸಾವಿರ ಚಿಲ್ಲರೆ ಕಿಲೋ ಇರುವ ಗಾಡಿ, ಐದು ಜನ ಮತ್ತು ಸಾಮಾನು ಸೇರಿದರೆ 1,300 ಕಿಲೋ ದಾಟುತ್ತದೆ. ಈ ಮೂರಕ್ಕೂ ಗ್ಯಾರೇಜಿನಲ್ಲಿ ಪರಿಹಾರವಿಲ್ಲ. ನಾಲ್ಕನೆಯದಕ್ಕೆ ಇದೆ, ಮತ್ತು ನಿಮ್ಮ ಪತ್ರದಲ್ಲಿ ಅದರ ಸುಳಿವೇ ಇಲ್ಲ. 78,000 ಕಿಲೋಮೀಟರಿನಲ್ಲಿ ಏನೇನು ಬದಲಿಸಿದ್ದೀರಿ ಎಂದು ನೀವು ಬರೆದಿಲ್ಲ.

ಕಳೆದ ಬೇಸಿಗೆಯಲ್ಲಿ ಪರಿಚಿತರೊಬ್ಬರು ಇದೇ ದೂರು ಹೇಳಿಕೊಂಡು ತಮ್ಮ ಕಾರು ತಂದಿದ್ದರು. ಅವರದು ದಿನವೂ ಶಹಾಬಾದ್–ವಾಡಿ ದಾರಿಯ ಓಡಾಟ. ಒಂದು ಕಡೆ ಫರಸಿ ಕಲ್ಲಿನ ಗಣಿಗಳು, ಇನ್ನೊಂದು ಕಡೆ ಸಿಮೆಂಟ್ ಲಾರಿಗಳು. ಏರ್ ಫಿಲ್ಟರಿನ ಡಬ್ಬಿಯ ಕ್ಲಿಪ್ಪುಗಳನ್ನು ಬಿಚ್ಚಿ ಫಿಲ್ಟರನ್ನು ಹಳೆಯ ಪತ್ರಿಕೆಯ ಮೇಲೆ ಮೆಲ್ಲಗೆ ತಟ್ಟಿದಾಗ ಮಡಿಕೆ ಮಡಿಕೆಯಿಂದ ಬೂದು ಹುಡಿ ಉದುರಿ ಮುಷ್ಟಿಯಷ್ಟು ಗುಡ್ಡೆಯಾಯಿತು. ಡಬ್ಬಿಯ ತಳದಲ್ಲಿ ತೊಗರಿ ಹೊಟ್ಟು ಕೂಡಿಕೊಂಡಿತ್ತು. ಹೊಸ ಫಿಲ್ಟರಿನ ಬೆಲೆ ನಾಲ್ಕೈದು ನೂರು ರೂಪಾಯಿ. ಸ್ಪಾರ್ಕ್ ಪ್ಲಗ್ಗುಗಳ ತುದಿ ಸವೆದು ಕಂದು ದಾಟಿ ಕಪ್ಪಾಗಿತ್ತು. ಅವನ್ನೂ ಬದಲಿಸಿದೆವು. ಮಾರನೆಯ ದಿನ ಅವರು ಫೋನು ಮಾಡಿ, ಗಾಡಿಯ ಜೀವ ತಿರುಗಿ ಬಂತು ಎಂದರು.

ನೀವು ಮೊದಲು ಇದನ್ನೇ ಮಾಡಿಸಿ. ಏರ್ ಫಿಲ್ಟರ್ ಮತ್ತು ಪ್ಲಗ್ ಬದಲಿಸಿ, ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಯನ್ನು ಶುಚಿ ಮಾಡಿಸಿ. ಒಂದು ಇಪ್ಪತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರಗಳ ಹತ್ತಿರ, ಮುಟ್ಟದೆ, ಅಂಗೈ ಹಿಡಿದು ನೋಡಿ. ಒಂದು ಚಕ್ರ ತನ್ನ ಜೋಡಿ ಚಕ್ರಕ್ಕಿಂತ ಎದ್ದು ಕಾಣುವಷ್ಟು ಕಾದಿದ್ದರೆ ಅಲ್ಲಿಯ ಬ್ರೇಕು ಪೂರ್ತಿ ಬಿಡುತ್ತಿಲ್ಲ, ಎಂಜಿನ್ ಅದನ್ನೂ ಎಳೆಯುತ್ತಿದೆ ಎಂದರ್ಥ. ನಾಲ್ಕನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸದ್ದು ಮತ್ತು ಸುತ್ತು ಏರಿ ವೇಗ ಮಾತ್ರ ಏರದಿದ್ದರೆ ಕ್ಲಚ್ ಜಾರುತ್ತಿದೆ. 78,000ಕ್ಕೆ ಅದು ಅಸಹಜವೇನಲ್ಲ. ಈ ಕೆಲಸಗಳನ್ನು ಮಾಡಿಸುವ ಮೊದಲು ಮತ್ತು ಆಮೇಲೆ ಅಳತೆ ತೆಗೆದಿಟ್ಟುಕೊಳ್ಳಿ. ವಾಹನ ಸಂಚಾರವಿಲ್ಲದ ನೇರ ರಸ್ತೆಯಲ್ಲಿ ಬೆಳಿಗ್ಗೆ ಬೇಗ, ಮೂರನೇ ಗೇರಿನಲ್ಲಿ 40ರಿಂದ 70ಕ್ಕೆ ಏರಲು ಎಷ್ಟು ಸೆಕೆಂಡು ಬೇಕೆಂದು ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ಸ್ಪೀಡೋಮೀಟರನ್ನು ಚಿತ್ರಿಸಿಕೊಳ್ಳಲಿ. ಅಷ್ಟೇ ಜನ, ಅಷ್ಟೇ ಪೆಟ್ರೋಲು, ಹೆಚ್ಚು ಕಡಿಮೆ ಅಷ್ಟೇ ಬಿಸಿಲು ಇರಬೇಕು. ಹೋಗುವ ದಿಕ್ಕಿಗೆ ಮೂರು ಸಲ, ಬರುವ ದಿಕ್ಕಿಗೆ ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ದುಡ್ಡು ಕೊಟ್ಟು ಮಾಡಿಸಿದ ಕೆಲಸ ಫಲ ಕೊಟ್ಟಿದೆ ಎಂದೇ ನಮ್ಮ ಮನಸ್ಸು ಹೇಳುತ್ತದೆ. ಸೆಕೆಂಡಿನ ಲೆಕ್ಕ ಹಾಗೆ ಹೇಳುವುದಿಲ್ಲ.

ಇದನ್ನು ನಾನು ಅನುಭವದಿಂದ ಬರೆಯುತ್ತಿದ್ದೇನೆ. ಹತ್ತಾರು ವರ್ಷಗಳ ಹಿಂದೆ ನನ್ನ ಕಾರಿಗೂ ಒಂದು ಅಂಗಡಿಯಲ್ಲಿ ಇಂಥದೇ ತೆರೆದ, ಎಣ್ಣೆ ಹಚ್ಚಿದ ಫಿಲ್ಟರ್ ಹಾಕಿಸಿದ್ದೆ. ಎಂಜಿನ್ನಿನ ಗುಟುರು ಕೇಳಿ ಗಾಡಿ ಜೋರಾಯಿತೆಂದು ಒಂದು ವಾರ ಸಂತೋಷಪಟ್ಟೆ. ಅಳೆದು ನೋಡಿದಾಗ ಮೊದಲಿಗಿಂತ ಅರ್ಧ ಸೆಕೆಂಡು ನಿಧಾನವಾಗಿತ್ತು. ಕಂಪನಿಯ ಡಬ್ಬಿ ಹೊರಗಿನ ಗಾಳಿಯನ್ನು ಸೆಳೆಯುತ್ತದೆ. ತೆರೆದ ಫಿಲ್ಟರ್ ಬಾನೆಟ್ಟಿನ ಒಳಗೆ ಕುದಿಯುವ ಗಾಳಿಯನ್ನೇ ಸೆಳೆಯುತ್ತಿತ್ತು. 60 ಡಿಗ್ರಿಯ ಗಾಳಿ 25 ಡಿಗ್ರಿಯದಕ್ಕಿಂತ ಶೇಕಡಾ ಹತ್ತರಷ್ಟು ತೆಳು. ಕೆಲವು ತಿಂಗಳಲ್ಲೇ ಫಿಲ್ಟರಿನ ಎಣ್ಣೆ ಗಾಳಿ ಅಳೆಯುವ ಸೆನ್ಸರಿಗೆ ಅಂಟಿ ಎಂಜಿನ್ ತಡವರಿಸತೊಡಗಿತು. ಹಳೆಯ ಡಬ್ಬಿಯನ್ನು ಎಸೆಯದೆ ಇಟ್ಟಿದ್ದರಿಂದ ಬಚಾವಾದೆ.

ಲಾರಿ ದಾಟುವ ವಿಚಾರಕ್ಕೆ ಬರೋಣ, ನಿಮ್ಮ ನಿಜವಾದ ಆತಂಕ ಅಲ್ಲಿದೆ. ಹುಮನಾಬಾದ್ ದಾಟಿ 65ನೇ ರಾಷ್ಟ್ರೀಯ ಹೆದ್ದಾರಿ ಹಿಡಿದರೆ ನಾಲ್ಕು ಪಥ ಸಿಗುವುದರಿಂದ ಕಷ್ಟವೆಲ್ಲ ಅದಕ್ಕೂ ಹಿಂದಿನ ದಾರಿಯದು. ವಿಭಜಕವಿಲ್ಲದ ರಸ್ತೆಯಲ್ಲಿ ಕಾರಿಗೆ 2018ರ ಅಧಿಸೂಚನೆಯ ಪ್ರಕಾರ ಗರಿಷ್ಠ ವೇಗ 70. ಹೊರೆ ಹೊತ್ತ ನಿಮ್ಮ ಗಾಡಿ 50ರಿಂದ 70ಕ್ಕೆ ಏರಲು ಆರು ಸೆಕೆಂಡು ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಶೇಕಡಾ ಏಳು ಶಕ್ತಿ ಸೇರಿದರೆ ಉಳಿಯುವುದು 0.4 ಸೆಕೆಂಡು, ಎದುರಿನ ವಾಹನವೂ 70ರಲ್ಲಿದ್ದರೆ ಅಷ್ಟರಲ್ಲಿ ನಿಮ್ಮಿಬ್ಬರ ನಡುವಿನ ಅಂತರ 15 ಮೀಟರ್ ಕಡಿಮೆಯಾಗುತ್ತದೆ. ಅದು ನಗಣ್ಯವೆಂದು ನಾನು ಹೇಳಲಾರೆ. ಆದರೆ ನಾಲ್ಕನೇ ಗೇರಿನಿಂದ ಮೂರಕ್ಕೆ ಇಳಿಸಿ ಹೊರಬಂದರೆ ಎಂಜಿನ್ 1,900ರ ಬದಲು 2,600 ಸುತ್ತಿನಲ್ಲಿ ತಿರುಗಿ, ಆ ಕ್ಷಣಕ್ಕೆ ಶೇಕಡಾ 30ಕ್ಕೂ ಹೆಚ್ಚು ಶಕ್ತಿ ಕೊಡುತ್ತದೆ, ಒಂದು ರೂಪಾಯಿ ಖರ್ಚಿಲ್ಲದೆ. ದಾಟುವ ಅಷ್ಟು ಹೊತ್ತು ಎ.ಸಿ. ಆರಿಸಿದರೆ ಇನ್ನೂ ಒಂದಿಷ್ಟು. ಎವರೇಜ್ ಕಡಿಮೆಯಾಗುತ್ತದೆಂಬ ಭಯಕ್ಕೆ ನಮ್ಮ ಕಡೆ ಬಹಳ ಜನ ಮೇಲಿನ ಗೇರಿನಲ್ಲೇ ಲಾರಿ ದಾಟಲು ಹೋಗುತ್ತಾರೆ. ಹಾಗೆ ಉಳಿಸುವ ಪೆಟ್ರೋಲು ಕೆಲವೇ ಹನಿ, ಎದುರಿನ ಪಥದಲ್ಲಿ ಕಳೆಯುವ ಹೊತ್ತು ಮಾತ್ರ ದೊಡ್ಡದು.

ದುಡ್ಡು ಹಾಕಲೇಬೇಕೆಂದಿದ್ದರೆ ನಿಲ್ಲಿಸುವ ಭಾಗಗಳಿಗೆ ಹಾಕಿ. ಒಣ ರಸ್ತೆಯಲ್ಲಿ ಒಳ್ಳೆಯ ಟೈರಿದ್ದರೂ 80ರ ವೇಗದಿಂದ ಗಾಡಿ ನಿಲ್ಲಲು ಸುಮಾರು 36 ಮೀಟರ್ ಬೇಕು, 100ರಿಂದ 56 ಮೀಟರ್. ಇದರಲ್ಲಿ ನಿಮ್ಮ ಕಾಲು ಬ್ರೇಕಿನ ಮೇಲೆ ಹೋಗುವ ಮುನ್ನ ಸಾಗಿದ ದೂರ ಸೇರಿಲ್ಲ. ಟೈರಿನ ಪಕ್ಕೆಯಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 2317 ಎಂದಿದ್ದರೆ 2017ರ 23ನೇ ವಾರದಲ್ಲಿ ತಯಾರಾದ ಟೈರು. ನಿಮ್ಮವು ಗಾಡಿಯ ಜತೆ ಬಂದವೇ ಆಗಿದ್ದರೆ, ಮೇಲ್ಮೈಯ ಗೀರು ಎಷ್ಟೇ ಆಳ ಉಳಿದಿರಲಿ, ನಮ್ಮ ಬಿಸಿಲಿಗೆ ರಬ್ಬರು ಗಟ್ಟಿಯಾಗಿ ಹಿಡಿತ ಬಿಟ್ಟಿರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂಬ ಮಾನದಂಡವಿದೆ, ತೇವ ಹೀರಿದ ಮೇಲೆ ಆ ಮಿತಿ 155. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ನಾಲ್ಕು ಟೈರು, ಬ್ರೇಕ್ ಪ್ಯಾಡು, ಆಯಿಲ್, ಫಿಲ್ಟರು, ಪ್ಲಗ್ಗು, ಅಲೈನ್‌ಮೆಂಟ್ ಎಲ್ಲ ಸೇರಿ 30,000ದ ಆಸುಪಾಸಿನಲ್ಲಿ ಮುಗಿಯುತ್ತದೆ. ಉಳಿದ 50,000ಕ್ಕೆ ನಿಮ್ಮ ಕಾಕಾ ಹೇಳಿದ್ದೇ ಸರಿ. ಐದು ಜನ ಕೂತು ಹೆದ್ದಾರಿ ಓಡುವುದು ನಿಮಗೆ ತಪ್ಪದ ಕೆಲಸವಾದ್ದರಿಂದ ಮುಂದಿನ ಗಾಡಿ ಟರ್ಬೊ ಇರುವಂಥದ್ದಾಗಲಿ. ಹೆಡರು, ಸೈಲೆನ್ಸರಿಗೆ ಹಾಕಿದ ದುಡ್ಡು ಗಾಡಿ ಮಾರುವಾಗ ತಿರುಗಿ ಬರುವುದಿಲ್ಲ. ಕೊಳ್ಳುವವರು ಅದನ್ನು ಕಂಡು ಬೆಲೆ ಇಳಿಸುವುದೇ ಹೆಚ್ಚು.

ಪ್ರಶ್ನೆ: ನನ್ನದು 2018ರ 1.5 ಲೀಟರ್ ಟರ್ಬೊ ಡೀಸೆಲ್ ಗಾಡಿ, ವಾರಂಟಿ ಮುಗಿದಿದೆ. 35,000ಕ್ಕೆ ರೀಮ್ಯಾಪ್ ಮಾಡಿ, ಜತೆಗೆ ಇ.ಜಿ.ಆರ್. ಮುಚ್ಚಿಕೊಡುತ್ತೇವೆ ಎನ್ನುತ್ತಾರೆ. ಇದಾದರೂ ಲಾಭದಾಯಕವೇ?
— ಓದುಗರು, ಬೀದರ್

ಉತ್ತರ: ಶಕ್ತಿಯ ಲೆಕ್ಕವಷ್ಟನ್ನೇ ಕೇಳಿದರೆ ಹೌದು. ಟರ್ಬೊ ಎಂಜಿನ್ನಿನಲ್ಲಿ ಎಷ್ಟು ಗಾಳಿಯನ್ನು ಒತ್ತಬೇಕೆಂಬುದನ್ನೂ ಕಂಪ್ಯೂಟರೇ ನಿರ್ಧರಿಸುತ್ತದೆ, ಆದ್ದರಿಂದ ಲೆಕ್ಕ ಬದಲಿಸಿದರೆ ಗಾಳಿಯೇ ಹೆಚ್ಚುತ್ತದೆ. 110 ಅಶ್ವಶಕ್ತಿಯ ಗಾಡಿ 130ರ ಹತ್ತಿರ ಬರುವುದು ಸುಳ್ಳಲ್ಲ, ಮತ್ತು ಅದು 2,000 ಸುತ್ತಿನಿಂದಲೇ ಅನುಭವಕ್ಕೆ ಬರುತ್ತದೆ. ಆದರೆ ಆ ಹೆಚ್ಚುವರಿ ಎಳೆತವನ್ನು ಹೊರುವವು ಹಳೆಯ ಕ್ಲಚ್, ಹಳೆಯ ಗೇರ್‌ಬಾಕ್ಸ್ ಮತ್ತು ಹಳೆಯ ಟರ್ಬೊ. ಕ್ಲಚ್ ಈಗಾಗಲೇ ಅರ್ಧ ಸವೆದಿದ್ದರೆ ರೀಮ್ಯಾಪ್ ಮಾಡಿಸಿದ ಕೆಲವೇ ತಿಂಗಳಲ್ಲಿ ಅದರ ಖರ್ಚೂ ಬರುತ್ತದೆ. ಆಗ ನಿಮ್ಮ 35,000 ಎಂಬುದು 50,000 ದಾಟಿರುತ್ತದೆ. ಮಳೆಗಾಲದಲ್ಲಿ ಹಾರಿದ ಎರೆಮಣ್ಣು, ಟರ್ಬೊ ಒತ್ತಿದ ಗಾಳಿಯನ್ನು ತಂಪುಮಾಡುವ ಇಂಟರ್‌ಕೂಲರಿನ ರೆಕ್ಕೆಗಳ ನಡುವೆ ಒಣಗಿ ಗಾರೆಯಂತೆ ಕೂತಿರುವುದನ್ನು ನಮ್ಮ ಭಾಗದ ಎಷ್ಟೋ ಗಾಡಿಗಳಲ್ಲಿ ನೋಡಿದ್ದೇನೆ. ಅದನ್ನು ಕಡಿಮೆ ಒತ್ತಡದ ನೀರಿನಿಂದ ತೊಳೆಸಿ, ಟರ್ಬೊದ ರಬ್ಬರ್ ಪೈಪುಗಳಲ್ಲಿ ಸೀಳು ಅಥವಾ ಎಣ್ಣೆ ಜಿನುಗಿದ ಕಲೆ ಇದೆಯೇ ಎಂದು ಮಿಸ್ತ್ರಿಯಿಂದ ನೋಡಿಸಿ. ಇವೆರಡನ್ನು ಸರಿಪಡಿಸಿದ ಮೇಲೆ ರೀಮ್ಯಾಪ್ ಬೇಡವೇ ಬೇಡ ಎಂದು ನಿರ್ಧರಿಸಿದವರಿದ್ದಾರೆ.

ಇ.ಜಿ.ಆರ್. ಮುಚ್ಚಿಸುವುದಂತೂ ಬೇಡ. ಅದು ಹೊಗೆಯಲ್ಲಿ ಒಂದಿಷ್ಟನ್ನು ಎಂಜಿನ್ನಿಗೇ ಮರಳಿಸಿ ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸಲೆಂದೇ ಇಟ್ಟ ಭಾಗ. ಅದನ್ನು ಮುಚ್ಚಿದರೆ ಆ ವಿಷವನ್ನು ನಮ್ಮ ಮಕ್ಕಳು ಉಸಿರಾಡುತ್ತಾರೆ. ಮಸಿ ಕಟ್ಟಿ ತೊಂದರೆ ಕೊಡುತ್ತಿದ್ದರೆ ಬಿಚ್ಚಿಸಿ ಶುಚಿ ಮಾಡಿಸಿ.

ಕಾನೂನನ್ನೂ ತಿಳಿದಿರಿ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಂತೆ, ನಿಷಿದ್ಧ ಮಾರ್ಪಾಡು ಮಾಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಇದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ವಿಮೆ. ತಿಳಿಸದೆ ಮಾಡಿಸಿದ ಮಾರ್ಪಾಡು ಅಪಘಾತವಾದ ಮೇಲೆ ಬೆಳಕಿಗೆ ಬಂದರೆ ವಿಮಾ ಕಂಪನಿ ಪರಿಹಾರ ನಿರಾಕರಿಸಬಹುದು. ಲಕ್ಷಗಟ್ಟಲೆ ಹೊರೆ ಮನೆಯವರ ತಲೆಗೆ ಬರುತ್ತದೆ. ಕೆಲಸ ಮಾಡಿಸುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಲಿಖಿತವಾಗಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಅವರು ಬರೆದುಕೊಡಲು ಒಪ್ಪದಿದ್ದರೆ ಈ ವಿಚಾರವನ್ನು ಅಲ್ಲಿಗೇ ಬಿಡುವುದು ಒಳ್ಳೆಯದು.

ಪ್ರಶ್ನೆ: ಆಕ್ಸಿಲರೇಟರ್ ಪೆಡಲಿಗೆ ಜೋಡಿಸುವ ಒಂದು ಡಬ್ಬಿ 12,000ಕ್ಕೆ ಸಿಗುತ್ತದೆ, ಹಾಕಿದ ಕೂಡಲೇ ಪಿಕಪ್ ಬರುತ್ತದೆ ಎನ್ನುತ್ತಾರೆ. ನಿಜವೇ?
— ಓದುಗರು, ಯಾದಗಿರಿ

ಉತ್ತರ: ಪಿಕಪ್ ಬಂದಂತೆ ಅನಿಸುವುದು ನಿಜ. ನೀವು ಪೆಡಲನ್ನು ಕಾಲುಭಾಗ ಒತ್ತಿದಾಗ ಅರ್ಧ ಒತ್ತಿದ್ದಾರೆಂದು ಅದು ಎಂಜಿನ್ನಿಗೆ ಹೇಳುತ್ತದೆ. ಪೂರ್ತಿ ಒತ್ತಿದಾಗ ಡಬ್ಬಿ ಇದ್ದರೂ ಇಲ್ಲದಿದ್ದರೂ ಶಕ್ತಿ ಅಷ್ಟೇ. ಕಾಲನ್ನು ಇನ್ನೊಂದಿಷ್ಟು ಒತ್ತುವುದರಿಂದ ಆಗುವ ಕೆಲಸಕ್ಕೆ 12,000 ಕೊಡಬೇಡಿ.

ಪ್ರಶ್ನೆ: ಅಣ್ಣ ನನಗೆ 60,000 ರೂಪಾಯಿ ಕೊಡಲು ಒಪ್ಪಿದ್ದಾನೆ. ಕಾರಿಗೆ 17 ಇಂಚಿನ ಅಲಾಯ್ ಚಕ್ರ ಮತ್ತು ಜೋರು ಸದ್ದಿನ ಸೈಲೆನ್ಸರ್ ಹಾಕಿಸಬೇಕೆಂದಿದ್ದೇನೆ. ಗಾಡಿ ಇನ್ನೂ ಚುರುಕಾಗುತ್ತದೆಯೇ?
— ಓದುಗ, ಸುರಪುರ

ಉತ್ತರ: ತಮ್ಮಾ, ಗಾಡಿ ನಿಧಾನವಾಗುತ್ತದೆ. ನಿನ್ನ ಗಾಡಿಗೆ ಕಂಪನಿ ಕೊಟ್ಟ ಟೈರು 185/65 ಆರ್15 ಎಂದುಕೊಂಡರೆ ಅದರ ಹೊರ ವ್ಯಾಸ 621 ಮಿಲಿಮೀಟರ್ ಚಿಲ್ಲರೆ. ಅದರ ಜಾಗಕ್ಕೆ 205/50 ಆರ್17 ಹಾಕಿದರೆ ವ್ಯಾಸ ಸುಮಾರು 637 ಆಗುತ್ತದೆ. ದೊಡ್ಡ ಚಕ್ರ ಎಂದರೆ ಎತ್ತರದ ಗೇರಿನಲ್ಲಿ ಹೊರಟ ಹಾಗೆ; ಎಂಜಿನ್ ಅದೇ, ಹೊರೆ ಹೆಚ್ಚು. ಸಾಮಾನ್ಯವಾಗಿ 17 ಇಂಚಿನ ಚಕ್ರ ಮತ್ತು ಅಗಲದ ಟೈರಿನ ತೂಕವೂ ಹೆಚ್ಚಾಗಿರುತ್ತದೆ, ತಿರುಗುವ ಭಾಗದ ತೂಕವನ್ನು ಪಿಕಪ್ ಬಹಳ ಬೇಗ ಗುರುತಿಸುತ್ತದೆ. ಸ್ಪೀಡೋಮೀಟರಿನ ಲೆಕ್ಕವೂ ಸುಮಾರು ಶೇಕಡಾ ಎರಡೂವರೆಯಷ್ಟು ತಪ್ಪುತ್ತದೆ. ಟೈರಿನ ಪಕ್ಕೆ 120 ಮಿಲಿಮೀಟರಿನಿಂದ 102ಕ್ಕೆ ಇಳಿಯುವುದರಿಂದ ಗುಂಡಿಗೆ ಬಿದ್ದಾಗ ಪೆಟ್ಟು ನೇರವಾಗಿ ರಿಮ್ಮಿಗೆ ತಾಗುತ್ತದೆ. ನೋಟಕ್ಕಾಗಿ ಅಲಾಯ್ ಬೇಕೇ ಬೇಕೆಂದರೆ 16 ಇಂಚಿಗೆ ನಿಲ್ಲಿಸು. 195/55 ಆರ್16ರ ವ್ಯಾಸ ಮೂಲ ಟೈರಿನ ವ್ಯಾಸಕ್ಕೆ ಒಂದು ಮಿಲಿಮೀಟರಿನಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆ. ನಿನ್ನ ಮಾದರಿಯ ಮೇಲಿನ ಶ್ರೇಣಿಗೆ ಕಂಪನಿಯೇ ಆ ಅಳತೆ ಕೊಟ್ಟಿದೆಯೇ ಎಂದು ಮಾತ್ರ ಮೊದಲು ವಿಚಾರಿಸು.

ಸೈಲೆನ್ಸರಿನ ವಿಚಾರದಲ್ಲಿ ನಾನು ಒಪ್ಪಲಾರೆ. ಶಬ್ದ ಮತ್ತು ಹೊಗೆಯ ಮಿತಿ ಮೀರಿದವರಿಗೆ ಮೋಟಾರು ವಾಹನಗಳ ಕಾಯ್ದೆಯ 190ನೇ ಕಲಮಿನ ಪ್ರಕಾರ 10,000 ರೂಪಾಯಿಯವರೆಗೆ ದಂಡವಿದೆ, ಮೂರು ತಿಂಗಳ ಮಟ್ಟಿಗೆ ಲೈಸೆನ್ಸಿಗೂ ಕುತ್ತು ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿನ್ನ ಓಣಿಯಲ್ಲಿ ರಾತ್ರಿ ಮಲಗಿದ ಮುದುಕರೂ ಕೂಸುಗಳೂ ಇದ್ದಾರೆ.

ಅಲಾಯ್ ಅಂಗಡಿಗೆ ಹೋಗುವ ಮುನ್ನ ಡಿಕ್ಕಿ ತೆಗೆದು ಸ್ಟೆಪ್ನಿ ನೋಡು. ಅದು 15 ಇಂಚಿನದೇ ಉಳಿಯುತ್ತದೆ. 17 ಇಂಚು ಹಾಕಿಸಿದ ಮೇಲೆ ರಾತ್ರಿ ಹೊತ್ತು ಶಹಾಪುರದ ದಾರಿಯಲ್ಲಿ ಮುಂದಿನ ಚಕ್ರ ಪಂಕ್ಚರ್ ಆದರೆ ಎಡಗಡೆ ಒಂದು ಅಳತೆ, ಬಲಗಡೆ ಇನ್ನೊಂದು ಅಳತೆ ಇಟ್ಟುಕೊಂಡು ಊರು ಸೇರಬೇಕಾಗುತ್ತದೆ; ಚಕ್ರದ ಬೋಲ್ಟುಗಳು ಅಲಾಯ್‌ಗೂ ಉಕ್ಕಿನ ರಿಮ್ಮಿಗೂ ಬೇರೆ ಬೇರೆಯಾಗಿದ್ದರೆ ಅದನ್ನು ಬಿಗಿಯುವುದೂ ಸಾಧ್ಯವಾಗದು. ಅಂಗಡಿಯವರನ್ನು ಈ ಎರಡು ವಿಷಯ ಕೇಳಿ, ಅವರ ಉತ್ತರವನ್ನು ಅಣ್ಣನಿಗೂ ತಿಳಿಸಿ, ಆಮೇಲೆ ಮುಂಗಡ ಕೊಡು.